ಬೀಜದ ಚೀಲಕ್ಕೆ ಹದಿಮೂರು ವರ್ಷದ ದಾರಿ

ಅಜ್ಜ ತೀರಿಕೊಂಡ ಎರಡನೇ ವರ್ಷ, ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ, ಅಪ್ಪ ಅಟ್ಟದಿಂದ ಒಂದು ಮುಡಿ ಇಳಿಸಿದರು. ಅದು ಅಜ್ಜ ತಮ್ಮ ಕೈಯಾರೆ ಕಟ್ಟಿಟ್ಟ ಕಯಮೆ ಭತ್ತದ ಬೀಜ. ಹೊರಗಿನ ಬೈಹುಲ್ಲಿನ ಹಗ್ಗ ಒಲೆಯ ಹೊಗೆಗೆ ಕಪ್ಪಾಗಿತ್ತು. ಒಳಗಿನ ಕಾಳು ಮಾತ್ರ ನೋಡಲಿಕ್ಕೆ ಚಿನ್ನದ ಹಾಗಿತ್ತು. ಅಪ್ಪ ಅದನ್ನು ನೀರಿನಲ್ಲಿ ನೆನೆಸಿ, ಗೋಣಿಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿಟ್ಟರು. ಮೂರನೇ ದಿನ ಗೋಣಿ ಬಿಚ್ಚಿದರೆ ಬಂದದ್ದು ಹುಳಿ ವಾಸನೆ. ಮೊಳಕೆ ಕಂಡದ್ದು ಬೆರಳೆಣಿಕೆಯ ಕಾಳಿನಲ್ಲಿ. ‘ಹೋದ ವರ್ಷ ಒಂದು ಮೂಲೆಯಲ್ಲಾದರೂ ಬಿತ್ತಬೇಕಿತ್ತು’ ಎಂದು ಅಪ್ಪ ಹೇಳಿದರು. ಅಷ್ಟೇ. ಮೂರು ತಲೆಮಾರು ನಮ್ಮ ಗದ್ದೆಯಲ್ಲಿ ಬೆಳೆದ ತಳಿ ಆ ಗೋಣಿಯಲ್ಲಿ ಮುಗಿಯಿತು.

ಹಿಂದಿನ ವರ್ಷ ಕಯಮೆ ಬಿತ್ತದಿರಲು ಕಾರಣವಿತ್ತು. ಅದು ಎದೆಯೆತ್ತರ ಬೆಳೆಯುತ್ತದೆ. ತೆನೆ ತುಂಬುವಾಗ ಒಂದು ಗಾಳಿಮಳೆ ಬಂದರೆ ಚಾಪೆ ಹಾಸಿದಂತೆ ಮಲಗುತ್ತದೆ. ಮಲಗಿದ ಪೈರನ್ನು ಕಟಾವು ಯಂತ್ರ ಸರಿಯಾಗಿ ಎತ್ತುವುದಿಲ್ಲ, ಕೈಯಲ್ಲಿ ಕೊಯ್ಯಲು ಜನ ಸಿಗುವುದಿಲ್ಲ. ಹಾಗಾಗಿ ನಾರಾವಿಯ ಆಸುಪಾಸಿನ ಹೆಚ್ಚಿನವರಂತೆ ನಾವೂ ಪೂರ್ತಿ ಎಂಒ–4ಕ್ಕೆ ತಿರುಗಿದ್ದೆವು. ಅದರ ಬಗ್ಗೆ ನನಗೆ ದೂರಿಲ್ಲ. ಇಂದು ನಾನು ಉಣ್ಣುವ ಕುಚ್ಚಲಕ್ಕಿ ಅನ್ನವೂ ಅದರದ್ದೇ. ಆದರೆ ಬಿ.ಇ. ಓದುತ್ತ ಎರಡು ವರ್ಷ ಕಳೆದ ಮೇಲೆ ಆ ಗೋಣಿ ನನಗೆ ಬೇರೆ ರೀತಿಯಲ್ಲಿ ನೆನಪಾಗುತ್ತಿದೆ. ಬೆಳೆಯುತ್ತಿರುವ ಜನಸಂಖ್ಯೆಗೆ ಧಾನ್ಯ ಎಲ್ಲಿಂದ ಬರುತ್ತದೆ ಎಂಬ ದೊಡ್ಡ ಪ್ರಶ್ನೆಗೂ, ನಮ್ಮ ಅಟ್ಟದಲ್ಲಿ ಸತ್ತ ಬೀಜಕ್ಕೂ ನೇರ ಸಂಬಂಧವಿದೆ ಎಂದು ಈಗ ಅನ್ನಿಸುತ್ತಿದೆ.

ಹಿಂದೆ ಕೊರತೆ, ಈಗ ರಾಶಿ

2023ನ್ನು ನೆನಪಿಸಿಕೊಳ್ಳಿ. ಅನ್ನಭಾಗ್ಯದಲ್ಲಿ ತಲಾ ಐದು ಕಿಲೋ ಹೆಚ್ಚುವರಿ ಅಕ್ಕಿ ಕೊಡುತ್ತೇವೆಂದು ರಾಜ್ಯ ಸರ್ಕಾರ ಹೊರಟಿತ್ತು. ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಅಕ್ಕಿ ಸಿಗದೆ ಜುಲೈಯಿಂದ ಕಿಲೋಗೆ 34 ರೂಪಾಯಿ ಲೆಕ್ಕದಲ್ಲಿ ತಲಾ 170 ರೂಪಾಯಿ ಖಾತೆಗೆ ಬರತೊಡಗಿತು. ಅದೇ ತಿಂಗಳ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೂ ಕೇಂದ್ರ ನಿಷೇಧಿಸಿತು. ಆ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ಎರಡು ವರ್ಷವೂ ಆಗಿರಲಿಲ್ಲ, 2025ರ ಫೆಬ್ರುವರಿಯಲ್ಲಿ ಚಿತ್ರ ತಿರುಗಿತು. ಕೇಂದ್ರ ಕಿಲೋಗೆ 22 ರೂಪಾಯಿ 50 ಪೈಸೆಗೆ ಅಕ್ಕಿ ಕೊಡಲು ಒಪ್ಪಿತು. ಹಣದ ಬದಲು ಮತ್ತೆ ಅಕ್ಕಿಯೇ ಸೊಸೈಟಿಗೆ ಬಂತು. ಗೋದಾಮುಗಳು ತುಂಬಿ, ಎಥೆನಾಲ್ ತಯಾರಿಸಲೂ ಅಕ್ಕಿ ಹೋಯಿತು. ಅದೇ ವರ್ಷ ನವೆಂಬರ್‌ನಲ್ಲಿ ಉತ್ತರ ಕರ್ನಾಟಕದ ಮೆಕ್ಕೆಜೋಳ ಬೆಳೆಗಾರರು ಬೀದಿಗಿಳಿದರು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಕಾಗದದಲ್ಲಿತ್ತು. ಮಾರುಕಟ್ಟೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ.

ಇದನ್ನೆಲ್ಲ ನೋಡಿದವರು ಸಹಜವಾಗಿ ಕೇಳುತ್ತಾರೆ: ‘ಧಾನ್ಯ ಇಷ್ಟು ರಾಶಿ ಬಿದ್ದಿರುವಾಗ ಹೊಸ ತಳಿಯ ಚಿಂತೆ ಏಕೆ?’ ತರಗತಿಯಲ್ಲಿ ಗೆಳೆಯನೊಬ್ಬ ನನ್ನನ್ನು ಕೇಳಿದ್ದೂ ಇದನ್ನೇ. ನನ್ನ ಉತ್ತರ ಇಷ್ಟು: ಕೊರತೆಯಿಂದ ರಾಶಿಗೆ, ರಾಶಿಯಿಂದ ಕೊರತೆಗೆ ಹೊರಳಲು ದೇಶಕ್ಕೆ ಎರಡು ವರ್ಷ ಸಾಕು. ಒಂದು ಹೊಸ ತಳಿ ರೈತನ ಕೈ ಸೇರಲು ಹತ್ತು ವರ್ಷವೂ ಸಾಲುವುದಿಲ್ಲ. ಗೋದಾಮು ಖಾಲಿಯಾದ ದಿನ ತಳಿ ಸಂಶೋಧನೆ ಆರಂಭಿಸುವುದು ಯುದ್ಧಕಾಲದ ಶಸ್ತ್ರಾಭ್ಯಾಸ.

ದೀರ್ಘಕಾಲದ ಅಂಕಿಗಳೂ ಹಾಗೆಯೇ ಹೇಳುತ್ತವೆ. 1950–51ರಲ್ಲಿ ದೇಶದ ಆಹಾರಧಾನ್ಯ ಉತ್ಪಾದನೆ ಸುಮಾರು 5 ಕೋಟಿ ಟನ್. 2023–24ರಲ್ಲಿ ಅದು 33 ಕೋಟಿ ಟನ್ ದಾಟಿತು. ಈ ಏರಿಕೆಯ ಬಹುಪಾಲು ಬಂದದ್ದು ಹೊಸ ಭೂಮಿಯಿಂದಲ್ಲ. ಅದೇ ಭೂಮಿಯಲ್ಲಿ ಹೆಚ್ಚು ಬೆಳೆದದ್ದರಿಂದ. ಅದಕ್ಕೆ ನೀರಾವರಿ, ಗೊಬ್ಬರದ ಜೊತೆಗೆ ಬೀಜ ಕಾರಣ. ಮುಂದಿನ ಲೆಕ್ಕ ಕಠಿಣವಿದೆ. 2012ಕ್ಕೆ ಹೋಲಿಸಿದರೆ 2050ಕ್ಕೆ ಜಗತ್ತಿಗೆ ಸುಮಾರು ಅರ್ಧದಷ್ಟು ಹೆಚ್ಚು ಆಹಾರ ಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅಂದಾಜಿಸಿದೆ. 2013ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ ಭತ್ತದ ಇಳುವರಿ ಜಗತ್ತಿನಲ್ಲಿ ವರ್ಷಕ್ಕೆ ಶೇ 1ರಷ್ಟು, ಗೋಧಿಯದ್ದು ಶೇ 0.9ರಷ್ಟು ಮಾತ್ರ ಏರುತ್ತಿತ್ತು. 2050ರೊಳಗೆ ಉತ್ಪಾದನೆ ಇಮ್ಮಡಿಯಾಗಬೇಕಾದರೆ ವರ್ಷಕ್ಕೆ ಶೇ 2.4ರಷ್ಟು ಏರಬೇಕು.

ಹದಿಮೂರು ವರ್ಷ ಎಲ್ಲಿ ಹೋಗುತ್ತದೆ?

ಎರಡು ತಳಿಗಳನ್ನು ಸಂಕರ ಮಾಡುವುದು ಒಂದು ಬೆಳಗಿನ ಕೆಲಸ. ಭತ್ತದ ಹೂವಿನ ಗಂಡು ಭಾಗ ತೆಗೆದು, ಬೇರೆ ತಳಿಯ ಪರಾಗ ಉದುರಿಸಿ, ಚೀಲ ಕಟ್ಟಿದರಾಯಿತು. ಕಾಯುವಿಕೆ ಶುರುವಾಗುವುದು ಆಮೇಲೆ.

ಮೊದಲ ವರ್ಷ ಸಂಕರ ಮತ್ತು ಅದರ ಮೊದಲ ಪೀಳಿಗೆ. ಎರಡನೇ ಪೀಳಿಗೆಯಲ್ಲಿ ಅಜ್ಜ, ಅಜ್ಜಿ, ಅಪ್ಪ, ಅಮ್ಮನ ಗುಣಗಳೆಲ್ಲ ಚದುರುತ್ತವೆ. ಒಂದು ಗಿಡ ಎತ್ತರ, ಪಕ್ಕದ್ದು ಗಿಡ್ಡ, ಒಂದರ ಅಕ್ಕಿ ಕೆಂಪು, ಇನ್ನೊಂದರದ್ದು ಬಿಳಿ. ಆ ಮಿಶ್ರಣದಲ್ಲಿ ಒಳ್ಳೆಯದನ್ನು ಆರಿಸಿ ಮತ್ತೆ ಮತ್ತೆ ಬಿತ್ತಬೇಕು. ಭತ್ತ ತನಗೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಆದ್ದರಿಂದ ಪ್ರತಿ ಪೀಳಿಗೆಗೆ ಮಿಶ್ರಣ ಅರ್ಧಕ್ಕೆ ಇಳಿಯುತ್ತದೆ. ಎರಡನೇ ಪೀಳಿಗೆಯಲ್ಲಿ ನೂರಕ್ಕೆ ಐವತ್ತು ಇದ್ದದ್ದು ಆರನೆಯದಕ್ಕೆ ಬರುವಾಗ ನೂರಕ್ಕೆ ಮೂರು. ಆಗ ಬಿತ್ತಿದ್ದು ಬಿತ್ತಿದಂತೆಯೇ ಬರುತ್ತದೆ. ವರ್ಷಕ್ಕೊಂದು ಬೆಳೆಯೆಂದರೆ ಇದಕ್ಕೆ ಐದು ವರ್ಷ. ಬಳಿಕ ಸಂಶೋಧನಾ ಕೇಂದ್ರದ ಗದ್ದೆಯಲ್ಲಿ ಎರಡು ವರ್ಷ, ಬೇರೆ ಬೇರೆ ಊರುಗಳಲ್ಲಿ ಮೂರು ವರ್ಷ ಪರೀಕ್ಷೆ. ಅಲ್ಲಿಗೆ ಹನ್ನೊಂದು. ತಳಿ ಬಿಡುಗಡೆಯಾದ ಮೇಲೆ ಬೀಜ ಹೆಚ್ಚಿಸಲು ಕಡಿಮೆಯೆಂದರೂ ಎರಡು ವರ್ಷ. ಒಟ್ಟು ಹದಿಮೂರು.

ನನಗೀಗ ಇಪ್ಪತ್ತು. 2026ರ ಏಣೇಲಿನಲ್ಲಿ ಯಾರಾದರೂ ನಮ್ಮೂರಿಗೆಂದು ಒಂದು ಸಂಕರ ಮಾಡಿದರೆ, ಅದರ ಬೀಜದ ಚೀಲ ನನ್ನ ಕೈಗೆ ಬರುವಾಗ ನನಗೆ ಮೂವತ್ತಮೂರು ದಾಟಿರುತ್ತದೆ.

ಲಕ್ಷ್ಮಣಯ್ಯನವರ ತಾಳ್ಮೆ

ಇಷ್ಟು ದೂರದ ದಾರಿಯನ್ನು ನಮ್ಮ ರಾಜ್ಯ ಹಿಂದೆ ನಡೆದು ತೋರಿಸಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ರಾಗಿಯ ಮೇಲೆ ಜೀವಮಾನವನ್ನೇ ಕಳೆದರು. ರಾಗಿಯ ಹೂವು ಎಷ್ಟು ಸಣ್ಣದೆಂದರೆ ಕೈಯಿಂದ ಸಂಕರ ಮಾಡುವುದು ಕಣ್ಣಿಗೂ ಬೆರಳಿಗೂ ಪರೀಕ್ಷೆ. ಆಫ್ರಿಕದ ರಾಗಿಗೆ ದಪ್ಪ ತೆನೆ, ಗಟ್ಟಿ ದಂಟು. ನಮ್ಮ ರಾಗಿಗೆ ನಮ್ಮ ಹವೆಯ ಒಗ್ಗು. ಎರಡನ್ನೂ ಬೆಸೆದು ಅವರು ‘ಇಂಡಾಫ್’ ತಳಿಗಳನ್ನು ಕೊಟ್ಟರು. ಇಂಡಿಯಾ ಮತ್ತು ಆಫ್ರಿಕ ಸೇರಿ ಆದ ಹೆಸರದು. ಹಳೆ ಮೈಸೂರಿನ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯ ಇಳುವರಿ ಏರಿದ್ದರ ಹಿಂದೆ ಈ ಬೀಜವಿದೆ. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು.

ಅವರ ಬಳಿಕವೂ ಕೆಲಸ ನಿಲ್ಲಲಿಲ್ಲ. ಬೆಂಕಿರೋಗ ಕಾಡಿದಾಗ ಅದನ್ನು ತಡೆಯುವ ಜಿಪಿಯು–28 ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಬಂತು. ಅದೇ ಮಂಡ್ಯದಲ್ಲಿ ಭತ್ತದ ವಿಜ್ಞಾನಿ ಎಂ. ಮಹದೇವಪ್ಪ ಅವರ ಕೆಲಸದ ಮುಂದುವರಿಕೆಯಾಗಿ 1990ರ ದಶಕದಲ್ಲಿ ಕೆಆರ್‌ಎಚ್ ಹೈಬ್ರಿಡ್ ಭತ್ತಗಳು ಹೊರಬಂದವು. ಇವರೆಲ್ಲರ ಹಿಂದೆ ಒಂದು ಗದ್ದೆ, ಒಂದು ಸಂಸ್ಥೆ, ನಿಲ್ಲದೆ ಬರುವ ಸಂಬಳ ಇತ್ತು. ಮೂರು ವರ್ಷಕ್ಕೊಮ್ಮೆ ಮುಗಿಯುವ ‘ಪ್ರಾಜೆಕ್ಟ್’ ಹಣದಲ್ಲಿ ಹದಿಮೂರು ವರ್ಷದ ಕೆಲಸ ಸಾಗುವುದಿಲ್ಲ. 2023–24ರ ಆರ್ಥಿಕ ಸಮೀಕ್ಷೆಯೇ ಹೇಳಿದಂತೆ, ಕೃಷಿ ಸಂಶೋಧನೆಗೆ ಹಾಕಿದ ಪ್ರತಿ ರೂಪಾಯಿ 13 ರೂಪಾಯಿ 85 ಪೈಸೆ ಮರಳಿಸುತ್ತದೆ. ಆದರೆ ಅದು ಮುಂದಿನ ಚುನಾವಣೆಯೊಳಗೆ ಮರಳಿಸುವುದಿಲ್ಲ; ಅದೇ ಅದರ ಕಷ್ಟ.

ಒಂದು ಸೂತ್ರ, ನಾಲ್ಕು ಹಿಡಿ

ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಷ್ಟವಾಗುವ ಸೂತ್ರವೊಂದು ತಳಿ ವಿಜ್ಞಾನದಲ್ಲಿದೆ. ವರ್ಷಕ್ಕೆ ಆಗುವ ತಳಿ ಪ್ರಗತಿ ಎಂದರೆ: ಆಯ್ಕೆಯ ಬಿಗಿ, ಆಯ್ಕೆಯ ನಿಖರತೆ, ತಳಿ ವೈವಿಧ್ಯ – ಈ ಮೂರನ್ನು ಗುಣಿಸಿ, ಒಂದು ಸುತ್ತಿಗೆ ಹಿಡಿಯುವ ವರ್ಷಗಳಿಂದ ಭಾಗಿಸಿದರೆ ಬರುವ ಸಂಖ್ಯೆ. ದೀರ್ಘಕಾಲದ ಯೋಜನೆ ಎಂದರೆ ಈ ನಾಲ್ಕು ಹಿಡಿಗಳನ್ನು ಹೇಗೆ ತಿರುಗಿಸುತ್ತೇವೆ ಎಂಬುದೇ.

ಕೆಳಗಿನ ಹಿಡಿ, ಅಂದರೆ ಕಾಲ, ಈಗ ಬೇಗ ಬದಲಾಗುತ್ತಿದೆ. ವರ್ಷಕ್ಕೆ ಎರಡು ಬೆಳೆ ತೆಗೆದರೆ ಆ ಐದು ವರ್ಷ ಎರಡೂವರೆಗೆ ಇಳಿಯುತ್ತದೆ. ಆಸ್ಟ್ರೇಲಿಯದಲ್ಲಿ ದಿನಕ್ಕೆ 22 ಗಂಟೆ ಬೆಳಕು ಕೊಟ್ಟು ಗೋಧಿಯಲ್ಲಿ ವರ್ಷಕ್ಕೆ ಆರು ಪೀಳಿಗೆಯವರೆಗೂ ತೆಗೆದಿದ್ದಾರೆ. ಭತ್ತ ಕಡಿಮೆ ಹಗಲಿಗೆ ಹೂಬಿಡುವ ಬೆಳೆಯಾದ್ದರಿಂದ ಅದೇ ಪಾಕ ನಡೆಯುವುದಿಲ್ಲ. ಆದರೂ ವಾರಾಣಸಿಯ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ದಕ್ಷಿಣ ಏಷ್ಯಾ ಕೇಂದ್ರದಲ್ಲಿ ಭತ್ತಕ್ಕೆಂದೇ ಇಂಥ ವ್ಯವಸ್ಥೆ ಕಟ್ಟಿದ್ದಾರೆ. ನಿಖರತೆಗೆ ಡಿಎನ್‌ಎ ಗುರುತುಗಳ ಸಹಾಯವಿದೆ. ಗಿಡ ತೆನೆ ಬಿಡುವವರೆಗೆ ಕಾಯದೆ ಎಲೆಯ ಚೂರೊಂದನ್ನು ಪರೀಕ್ಷಿಸಿ ಬೇಕಾದ ಗುಣ ಬಂದಿದೆಯೇ ನೋಡಬಹುದು.

ಮೂರನೇ ಹಿಡಿಯಾದ ವೈವಿಧ್ಯ ಮಾತ್ರ ಹಾಗಲ್ಲ. ಅದನ್ನು ಪ್ರಯೋಗಾಲಯದಲ್ಲಿ ಬೇಕೆಂದಾಗ ಮಾಡಿಕೊಳ್ಳಲಾಗದು. ಇದ್ದದ್ದನ್ನು ಉಳಿಸಿಕೊಳ್ಳಬೇಕು. ಗುಣಾಕಾರದಲ್ಲಿ ಒಂದು ಸಂಖ್ಯೆ ಸೊನ್ನೆಯಾದರೆ ಉಳಿದವು ಎಷ್ಟಿದ್ದರೂ ಉತ್ತರ ಸೊನ್ನೆ. ನಮ್ಮ ಗೋಣಿಯಲ್ಲಿ ಆದದ್ದು ಅದೇ.

ಒಡಿಶಾದ ಒಂದು ಭತ್ತ

ವೈವಿಧ್ಯ ಏಕೆ ಬೇಕು ಎಂಬುದಕ್ಕೆ ಒಡಿಶಾದ ಕತೆ ಸಾಕು. ಅಲ್ಲಿನ ರೈತರು ಬೆಳೆಯುತ್ತಿದ್ದ ನೆರೆ ತಾಳುವ ನಾಡತಳಿಯೊಂದರಿಂದ ಆರಿಸಿದ ಎಫ್‌ಆರ್–13ಎ ಎಂಬ ಭತ್ತ ಇತ್ತು. ಇಳುವರಿ ಕಡಿಮೆ, ನೋಡಲು ಏನೂ ವಿಶೇಷವಿಲ್ಲ. ಆದರೆ ನೀರಿನಲ್ಲಿ ಪೂರ್ತಿ ಮುಳುಗಿದರೂ ಸುಮಾರು ಎರಡು ವಾರ ಉಸಿರು ಹಿಡಿದಿರುತ್ತಿತ್ತು. ದಶಕಗಳ ಹುಡುಕಾಟದ ಬಳಿಕ ಅದಕ್ಕೆ ಕಾರಣವಾದ ‘ಸಬ್–1ಎ’ ಜೀನ್ 2006ರಲ್ಲಿ ಪತ್ತೆಯಾಯಿತು. ಹೆಚ್ಚು ಇಳುವರಿಯ ‘ಸ್ವರ್ಣ’ ತಳಿಗೆ ಅದನ್ನು ಡಿಎನ್‌ಎ ಗುರುತಿನ ಸಹಾಯದಿಂದ ಸೇರಿಸಿ 2009ರಲ್ಲಿ ‘ಸ್ವರ್ಣ–ಸಬ್ 1’ ಬಿಡುಗಡೆಯಾಯಿತು. ಪೂರ್ವ ಭಾರತದ ನೆರೆಪ್ರದೇಶಗಳಲ್ಲಿ ಅದು ಹಲವು ಬೆಳೆಗಳನ್ನು ಉಳಿಸಿದೆ. ಯಾರೋ ಒಬ್ಬ ರೈತ ‘ಇಳುವರಿ ಕಡಿಮೆ’ ಎಂದು ಬಿಟ್ಟಿದ್ದರೆ ಈ ಕತೆಯೇ ಇಲ್ಲ.

ನಮ್ಮಲ್ಲೂ ಇಂಥವು ಉಂಟು. ಕುಮಟಾದ ಅಘನಾಶಿನಿ ತೀರದ ಗಜನಿ ಗದ್ದೆಗಳಲ್ಲಿ ಬೆಳೆಯುವ ‘ಕಗ್ಗ’ ಉಪ್ಪುನೀರಿಗೆ ಜಗ್ಗುವುದಿಲ್ಲ. ಸಾಗರ, ಸೊರಬದ ಕಡೆಯ ‘ನೆರೆಗೂಳಿ’ ಹೆಸರಲ್ಲೇ ನೆರೆಯನ್ನಿಟ್ಟುಕೊಂಡಿದೆ. ಇವುಗಳನ್ನು ಕಾದವರೂ ಹತ್ತಿರದವರೇ. ನಮ್ಮ ಬೆಳ್ತಂಗಡಿ ತಾಲ್ಲೂಕಿನ ಮಿತ್ತಬಾಗಿಲಿನ ಬಿ.ಕೆ. ದೇವರಾವ್ ನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಬೆಳೆಸಿ ಉಳಿಸಿದವರು. ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿ 650ಕ್ಕೂ ಹೆಚ್ಚು ತಳಿ ಕಾಪಾಡಿ, ‘ರಾಜಕಯಮೆ’ಯನ್ನು ಹಲವು ಊರುಗಳಿಗೆ ಮುಟ್ಟಿಸಿ, 2024ರಲ್ಲಿ ಪದ್ಮಶ್ರೀ ಪಡೆದರು. ಅವರು ಹೆಚ್ಚಿನ ತಳಿಗಳನ್ನು ಬೆಳೆಸುವುದು ಪ್ಲಾಸ್ಟಿಕ್ ಚೀಲಗಳಲ್ಲಿ.

ನಮ್ಮ ಕರಾವಳಿಯ ತೇವದಲ್ಲಿ ಭತ್ತದ ಬೀಜ ಅಟ್ಟದ ಮೇಲೆ ವರ್ಷಾನುಗಟ್ಟಲೆ ಬದುಕುವುದಿಲ್ಲ. ಇಲ್ಲಿ ಬೀಜ ಉಳಿಸುವುದೆಂದರೆ ಪ್ರತಿ ವರ್ಷ ಬಿತ್ತುವುದು. ದೆಹಲಿಯ ಜೀನ್ ಬ್ಯಾಂಕಿನಲ್ಲಿ ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಇಡಬಹುದು, ಇಡಲೇಬೇಕು. 2025–26ರ ಕೇಂದ್ರ ಬಜೆಟ್‌ನಲ್ಲಿ 10 ಲಕ್ಷ ಮಾದರಿಗಳ ಎರಡನೇ ಜೀನ್ ಬ್ಯಾಂಕ್ ಘೋಷಣೆಯಾಗಿರುವುದು ಒಳ್ಳೆಯ ಸುದ್ದಿ. ಆದರೆ ಶೀತಕದಲ್ಲಿರುವ ಬೀಜ ಇಟ್ಟ ದಿನದ ಹವೆಯನ್ನಷ್ಟೇ ಬಲ್ಲದು. ಗದ್ದೆಯಲ್ಲಿರುವ ಬೀಜ ಪ್ರತಿ ವರ್ಷದ ಮಳೆಗೆ ಹೊಂದಿಕೊಳ್ಳುತ್ತ ಹೋಗುತ್ತದೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, 2009ರ ಬಳಿಕ ಇಷ್ಟು ಬೇಗ ಬಂದದ್ದು ಅದೇ ಮೊದಲು. ನೇಜಿ ಹಾಕುವ ಲೆಕ್ಕಾಚಾರವೇ ತಲೆಕೆಳಗಾಯಿತು. ಇಂಥ ಮಳೆಯನ್ನು ಕಂಡ ಬೀಜ ನಮಗೆ ಬೇಕು.

ಹೊಸ ಕತ್ತರಿ

2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಜೀನ್ ಸಂಪಾದಿತ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು: ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ‘ಡಿಆರ್‌ಆರ್ ಧಾನ್ 100’ ಅಥವಾ ‘ಕಮಲಾ’, ಮತ್ತು ದೆಹಲಿಯ ಸಂಸ್ಥೆಯ ‘ಪೂಸಾ ಡಿಎಸ್‌ಟಿ ರೈಸ್ 1’. ಮೊದಲನೆಯದು ‘ಸಾಂಬಾ ಮಸೂರಿ’ಗಿಂತ ಶೇ 19ರಷ್ಟು ಹೆಚ್ಚು ಇಳುವರಿ ಕೊಟ್ಟು ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ, ಎರಡನೆಯದು ಉಪ್ಪು ಮತ್ತು ಒಣ ನೆಲವನ್ನು ತಾಳುತ್ತದೆ ಎಂದು ಭಾರತೀಯ ಕೃಷಿ ಸಂಶೋಧನಾ ಮಂಡಳಿ ಹೇಳಿತು. ಇವುಗಳಲ್ಲಿ ಹೊರಗಿನ ಜೀವಿಯ ಜೀನ್ ಇಲ್ಲ. ಇದ್ದ ಜೀನ್‌ನಲ್ಲೇ ಸಣ್ಣ ತಿದ್ದುಪಡಿ. ಆದರೆ ಪರೀಕ್ಷೆಯ ಅಂಕಿಅಂಶಗಳ ಬಗ್ಗೆ ಕೆಲವರು ಪ್ರಶ್ನೆ ಎತ್ತಿದ್ದಾರೆ, ತಂತ್ರದ ಪೇಟೆಂಟ್ ವಿದೇಶಿ ಸಂಸ್ಥೆಗಳ ಕೈಯಲ್ಲಿದೆ ಎಂಬ ಆತಂಕವೂ ಇದೆ. ಅಂಕಿಅಂಶ ಪೂರ್ತಿ ಬಹಿರಂಗವಾಗಲಿ, ಎಲ್ಲರೂ ನೋಡಲಿ ಎನ್ನುವುದು ವಿಜ್ಞಾನಕ್ಕೆ ವಿರೋಧವಲ್ಲ, ಅದೇ ವಿಜ್ಞಾನ.

ನನಗೆ ತಂತ್ರದ ಬಗ್ಗೆ ಹೆದರಿಕೆಯಿಲ್ಲ. ನನ್ನ ಪ್ರಶ್ನೆ ಬೇರೆ. ಈ ಎರಡೂ ತಳಿಗಳ ಮೂಲ ಆಂಧ್ರದ ಭತ್ತ. ಲಕ್ಷಾಂತರ ಹೆಕ್ಟೇರಿನಲ್ಲಿ ಬೆಳೆಯುವ ತಳಿಯನ್ನೇ ಮೊದಲು ತಿದ್ದುವುದು ಸಹಜ. ಹಾಗಾದರೆ ಸಣ್ಣ ಜಿಲ್ಲೆಯ ಕೆಂಪಕ್ಕಿಯ ಸರದಿ ಎಂದು?

ನಮ್ಮ ಕುಚ್ಚಲಕ್ಕಿಯ ಪಾಲಕರು ಯಾರು?

ದಕ್ಷಿಣ ಕನ್ನಡದಲ್ಲಿ ಏಣೇಲು ಭತ್ತ ಈಗ ಹತ್ತು ಸಾವಿರ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಖಾಸಗಿ ಬೀಜ ಕಂಪನಿಗೆ ಇದು ಮಾರುಕಟ್ಟೆಯೇ ಅಲ್ಲ. ಅದರಲ್ಲೂ ಭತ್ತ ತನ್ನ ಬೀಜವನ್ನು ತಾನೇ ಕೊಡುವ ಬೆಳೆ; ಒಮ್ಮೆ ಕೊಂಡ ರೈತ ಮುಂದಿನ ವರ್ಷ ಕೊಳ್ಳಬೇಕಿಲ್ಲ. ಮೆಕ್ಕೆಜೋಳದ ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಕೊಳ್ಳಲೇಬೇಕು. ಆದ್ದರಿಂದ ಕಂಪನಿಗಳ ಹಣ ಅಲ್ಲಿ ಹರಿಯುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಲೆಕ್ಕಾಚಾರ ಇರುವುದೇ ಹಾಗೆ. ಕೆಂಪು ಕುಚ್ಚಲಕ್ಕಿಗೆ ತಳಿ ಮಾಡುವವರು ಸರ್ಕಾರಿ ಸಂಶೋಧನಾ ಕೇಂದ್ರದವರು, ಇಲ್ಲವೇ ಯಾರೂ ಇಲ್ಲ.

ಎಂಒ–4 ನಮ್ಮಲ್ಲಿ ಹುಟ್ಟಿದ್ದಲ್ಲ. ‘ಎಂಒ’ ಎಂದರೆ ಮಂಕೊಂಬು, ಕೇರಳದ ಕುಟ್ಟನಾಡಿನ ಭತ್ತ ಸಂಶೋಧನಾ ಕೇಂದ್ರ. ಅಲ್ಲಿಯ ‘ಭದ್ರಾ’ ನಮ್ಮ ‘ಎಂಒ–ನಾಲ್ಕು’. ‘ಜ್ಯೋತಿ’ ಬಂದದ್ದು ಪಟ್ಟಾಂಬಿಯಿಂದ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ತಳಿಗಳಿವು. ಅದಕ್ಕೆ ಬದಲಿಯಾಗಿ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ತಗ್ಗು ಗದ್ದೆಗೆ ಹೊಂದುವ, ನೆರೆ ತಾಳುವ ‘ಸಹ್ಯಾದ್ರಿ ಪಂಚಮುಖಿ’ ಎಂಬ ಕೆಂಪಕ್ಕಿ ತಳಿ ಕೊಟ್ಟಿದೆ. ಇದು ದೊಡ್ಡ ವಿಷಯ. ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯ ಗದ್ದೆ ಇರುವ ಊರಿಗೆ ಪಂಜಾಬಿನಲ್ಲಿ ಪರೀಕ್ಷಿಸಿದ ತಳಿ ಹೊಂದುವುದಿಲ್ಲ. ಸೂತ್ರದ ‘ನಿಖರತೆ’ ಎಂದರೆ ಅದೇ: ಎಲ್ಲಿ ಬೆಳೆಯಬೇಕೋ ಅಲ್ಲೇ ಆರಿಸುವುದು.

ಆದರೆ ತಳಿ ಬಿಡುಗಡೆ ಬೇರೆ, ಬೀಜ ಕೈಗೆ ಬರುವುದು ಬೇರೆ. ಕಳೆದ ಬಿತ್ತನೆಯ ಹೊತ್ತಿಗೆ ಅಪ್ಪ ಬೇಕಾದ ಬೀಜಕ್ಕಾಗಿ ಎರಡು ಸಲ ಓಡಾಡಿ ಬರಿಗೈಯಲ್ಲಿ ಬಂದರು. ಕೊನೆಗೆ ಪಕ್ಕದ ಮನೆಯವರು ಕೊಟ್ಟ ಬೀಜ ಬಿತ್ತಿದೆವು. 2024ರ ಆಗಸ್ಟ್ 11ರಂದು ಪ್ರಧಾನಿ 61 ಬೆಳೆಗಳ 109 ತಳಿಗಳನ್ನು ಬಿಡುಗಡೆ ಮಾಡಿದ್ದರು. ಮರುವರ್ಷದ ಬಜೆಟ್‌ನಲ್ಲಿ, 2024ರ ಜುಲೈಯಿಂದ ಬಿಡುಗಡೆಯಾದ ನೂರಕ್ಕೂ ಹೆಚ್ಚು ತಳಿಗಳ ಬೀಜ ಮಾರುಕಟ್ಟೆಗೆ ಸಿಗುವಂತೆ ಮಾಡಲು ಪ್ರತ್ಯೇಕ ಮಿಷನ್ ಘೋಷಿಸಬೇಕಾಯಿತು. ವೇದಿಕೆಯಿಂದ ಗದ್ದೆಗೆ ಎಷ್ಟು ದೂರ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತೆ.

ನಾನೊಂದು ಲೆಕ್ಕ ಹಾಕಿ ನೋಡಿದೆ. ಬೀಜಕ್ಕೆ ಮೂರು ಮೆಟ್ಟಿಲು: ಹಳದಿ ಚೀಟಿಯ ತಳಿವರ್ಧಕ ಬೀಜ, ಬಿಳಿ ಚೀಟಿಯ ಮೂಲ ಬೀಜ, ನೀಲಿ ಚೀಟಿಯ ಪ್ರಮಾಣಿತ ಬೀಜ. ಎಕರೆಗೆ 25 ಕಿಲೋ ಬಿತ್ತಿ 20 ಕ್ವಿಂಟಲ್ ಕೊಯ್ದರೆ ಬೀಜ 80 ಪಟ್ಟು ಆಗುತ್ತದೆ. 100 ಕಿಲೋ ಹಳದಿ ಚೀಟಿಯ ಬೀಜವನ್ನು ನಾಲ್ಕು ಎಕರೆಯಲ್ಲಿ ಬಿತ್ತಿದರೆ 80 ಕ್ವಿಂಟಲ್. ಅದನ್ನು 320 ಎಕರೆಯಲ್ಲಿ ಬಿತ್ತಿದರೆ 6,400 ಕ್ವಿಂಟಲ್. ಅಷ್ಟು ಬೀಜ 25,600 ಎಕರೆಗೆ, ಅಂದರೆ ಹತ್ತು ಸಾವಿರ ಹೆಕ್ಟೇರಿಗೆ ಸಾಕು. ಒಂದು ಜಿಲ್ಲೆಯ ಇಡೀ ಏಣೇಲಿಗೆ! ಎರಡು ಮೂಟೆ ಬೀಜ ಎರಡೇ ಬೆಳೆಯಲ್ಲಿ ಜಿಲ್ಲೆಯನ್ನು ಮುಚ್ಚಬಲ್ಲದು. ಇದು ಕಾಗದದ ಲೆಕ್ಕ, ನಿಜ. ಜೊಳ್ಳು, ಬೆರಕೆ, ಮೊಳಕೆ ಪರೀಕ್ಷೆಯಲ್ಲಿ ತಿರಸ್ಕಾರ ಎಲ್ಲ ಕಳೆಯಬೇಕು. ಅರ್ಧ ಕಳೆದರೂ ಒಂದು ವಿಷಯ ಸ್ಪಷ್ಟ: ತಡ ಮಾಡುತ್ತಿರುವುದು ಗಿಡವಲ್ಲ, ನಾವು.

ನಮ್ಮಲ್ಲಿ ಬೀಜ ಉತ್ಪಾದನೆಗೆ ಅಡ್ಡಿ ಮಳೆ. ಏಣೇಲು ಕೊಯ್ಲು ಮಳೆಯ ಬಾಲಕ್ಕೆ ಸಿಗುತ್ತದೆ, ಭತ್ತ ಒಣಗುವುದಿಲ್ಲ. ಅದಕ್ಕೇ ಬೀಜ ಘಟ್ಟದ ಮೇಲಿನಿಂದಲೋ ಹೊರ ರಾಜ್ಯದಿಂದಲೋ ಬರಬೇಕು. ಆದರೆ ಸುಗ್ಗಿ ಬೆಳೆಯ ಕೊಯ್ಲು ಒಣ ಹವೆಯಲ್ಲಿ. ಆ ಬೀಜ ಜೂನ್‌ವರೆಗೆ ಎರಡು ಮೂರು ತಿಂಗಳಷ್ಟೇ ಕಾಯಬೇಕು, ಮೊಳಕೆಯ ಶಕ್ತಿಯೂ ಉಳಿಯುತ್ತದೆ. ನೀರಿರುವ ಕೆಲವು ಊರುಗಳಲ್ಲಿ ಸುಗ್ಗಿಯನ್ನು ಬೀಜಕ್ಕೆಂದೇ ಬೆಳೆಸಿ, ಅಕ್ಕಿಯ ಭತ್ತಕ್ಕಿಂತ ಒಳ್ಳೆಯ ಬೆಲೆ ಕೊಟ್ಟು, ಒಂದು ಸಂಸ್ಕರಣಾ ಘಟಕ ಹಾಕಿದರೆ ಜಿಲ್ಲೆ ತನ್ನ ಬೀಜ ತಾನೇ ಮಾಡಿಕೊಳ್ಳಬಹುದು.

ಕಾನೂನು ಮತ್ತು ಗದ್ದೆ

ಕಳೆದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 1966ರ ಬೀಜ ಕಾಯ್ದೆಯ ಬದಲಿಗೆ ಹೊಸ ಬೀಜ ಮಸೂದೆಯ ಕರಡನ್ನು ಚರ್ಚೆಗೆ ಬಿಟ್ಟಿದೆ. ನಕಲಿ ಬೀಜಕ್ಕೆ ದಂಡ, ಚೀಲದ ಮೇಲೆ ಕ್ಯೂಆರ್ ಕೋಡ್ – ಇವೆಲ್ಲ ಬೇಕಾದವೇ. ರೈತರು ಬೀಜ ಉಳಿಸಿ, ಹಂಚಿ, ಬಿತ್ತುವ ಹಕ್ಕು ಹಾಗೇ ಇರುತ್ತದೆ ಎಂದೂ ಕರಡು ಹೇಳುತ್ತದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಆ ಹಕ್ಕನ್ನು ಆಗಲೇ ಕೊಟ್ಟಿದೆ. ಆದರೂ ಕಂಪನಿಗಳ ಕೈ ಬಲವಾಗಬಹುದು, ಬೀಜ ಕೆಟ್ಟರೆ ಪರಿಹಾರ ಸುಲಭವಾಗಿ ಸಿಗದು ಎಂದು ರೈತ ಸಂಘಟನೆಗಳು ಹೇಳುತ್ತಿವೆ. ಈ ಚರ್ಚೆ ನಡೆಯಲಿ. ನನಗನ್ನಿಸುವುದು ಇಷ್ಟೇ: ಪಕ್ಕದ ಮನೆಯಿಂದ ಬೀಜ ತರುವ ಹಕ್ಕಿದ್ದರೆ ಸಾಲದು, ಪಕ್ಕದ ಮನೆಯಲ್ಲಿ ಗದ್ದೆಯೂ ಇರಬೇಕು.

ಅದೇ ಈಗ ಅಪಾಯದಲ್ಲಿರುವುದು. ನಮ್ಮ ಬೈಲಿನಲ್ಲಿ ಒಬ್ಬೊಬ್ಬರಾಗಿ ಅಡಿಕೆ ಹಾಕುತ್ತಿದ್ದಾರೆ. ಉಳಿದ ಒಂದೆರಡು ಭತ್ತದ ಗದ್ದೆಗೆ ಇಡೀ ಊರಿನ ನವಿಲು, ಕಾಡುಹಂದಿ, ಮಂಗ ಎಲ್ಲ ಬರುತ್ತವೆ. ನೀರು ಹರಿಯುವ ದಾರಿ ಬದಲಾಗುತ್ತದೆ. ಅಪ್ಪನೂ ‘ಈ ವರ್ಷ ಆಗಲಿ, ಬರುವ ವರ್ಷ ನೋಡುವ’ ಎನ್ನುತ್ತಿದ್ದಾರೆ. ಅವರನ್ನು ತಪ್ಪು ಎನ್ನಲಾರೆ. ನನ್ನ ಕಾಲೇಜು ಫೀಸು ಭತ್ತದಿಂದ ಬಂದದ್ದಲ್ಲ. ಆದರೆ ಅಡಿಕೆಗೂ ಎಲೆಚುಕ್ಕಿ, ಹಳದಿ ರೋಗ ಕಾಡುತ್ತಿವೆ. ಒಂದೇ ಬೆಳೆಯ ಮೇಲೆ ನಿಂತ ಊರು ಒಂದೇ ಕಾಲಿನ ಮೇಲೆ ನಿಂತಂತೆ. ಇಳುವರಿ ಸ್ವಲ್ಪ ಹೆಚ್ಚಿರುವ, ಮಳೆಗೆ ಮಲಗದ, ಯಂತ್ರಕ್ಕೆ ಒಗ್ಗುವ, ರುಚಿ ಕಯಮೆಯದ್ದೇ ಇರುವ ಕೆಂಪಕ್ಕಿ ತಳಿಯೊಂದು ಇಂದು ಕೈಯಲ್ಲಿದ್ದರೆ ಅಪ್ಪನ ಲೆಕ್ಕ ಬೇರೆಯಾಗುತ್ತಿತ್ತೋ ಏನೋ. ಆ ತಳಿ ಇಂದು ಇರಬೇಕಿದ್ದರೆ ಅದರ ಸಂಕರ ನಾನು ಒಂದನೇ ತರಗತಿಗೆ ಸೇರಿದ ಸುಮಾರಿಗೆ ಆಗಬೇಕಿತ್ತು.

ನಮ್ಮ ಪಾಲು

ಆದ್ದರಿಂದ ನಾನು ಕೇಳುವುದು ಪವಾಡವನ್ನಲ್ಲ. ಬ್ರಹ್ಮಾವರದಂಥ ಕೇಂದ್ರಗಳಿಗೆ ಹದಿನೈದು ವರ್ಷದ ಖಾತ್ರಿ ಹಣ, ಖಾಲಿ ಹುದ್ದೆ ಬಿದ್ದರೆ ತಡಮಾಡದೆ ತುಂಬುವ ವ್ಯವಸ್ಥೆ. ದೇವರಾವ್, ಬೆಳೇರಿಯವರಂಥವರ ತಳಿಗಳನ್ನು ಸಂಕರಕ್ಕೆ ಬಳಸಿ, ಫಲದಲ್ಲಿ ಅವರಿಗೂ ಪಾಲು. ಪರೀಕ್ಷೆಯ ಕೊನೆಯ ಮೂರು ವರ್ಷ ರೈತರ ಗದ್ದೆಯಲ್ಲೇ, ಅವರ ಆಯ್ಕೆಯೊಂದಿಗೆ. ಪಡಿತರದಲ್ಲಿ ಸ್ಥಳೀಯ ಕೆಂಪು ಕುಚ್ಚಲಕ್ಕಿಗೆ ಕಾಯಂ ಜಾಗ, ಆಗ ಬೆಳೆದವನಿಗೆ ಕೊಳ್ಳುವವರಿದ್ದಾರೆ ಎಂಬ ಧೈರ್ಯ.

ನಮ್ಮಂಥವರಿಗೂ ಕೆಲಸವಿದೆ. ತಳಿ ವಿಜ್ಞಾನಿಗಳು ಇಂದಿಗೂ ಸಾವಿರಾರು ಗಿಡಗಳ ತೆಂಡೆ, ತೆನೆ, ಕಾಳುಗಳನ್ನು ಕೈಯಲ್ಲೇ ಎಣಿಸುವುದುಂಟು. ಮೊಬೈಲ್ ಕ್ಯಾಮೆರಾದಿಂದ ಎಣಿಸುವ ಪ್ರೋಗ್ರಾಂ, ಕಡಿಮೆ ಖರ್ಚಿನ ಎಲ್‌ಇಡಿ ಬೆಳಕಿನ ಕೋಣೆ, ಬೀಜದ ತೇವ ಅಳೆಯುವ ಅಗ್ಗದ ಉಪಕರಣ – ಇವು ನಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೊಂದುವ ಕೆಲಸಗಳು. ಪ್ರತಿ ವರ್ಷ ಅದೇ ಗಿಡಕ್ಕೆ ನೀರುಣಿಸುವ ಯಂತ್ರ ಮಾಡಿ ಅಂಕ ತೆಗೆದುಕೊಳ್ಳುವ ಬದಲು ಒಂದು ಸಂಶೋಧನಾ ಕೇಂದ್ರಕ್ಕೆ ಹೋಗಿ ‘ನಿಮಗೆ ಏನು ಬೇಕು?’ ಎಂದು ಕೇಳಬಹುದು.

ಅಂದ ಹಾಗೆ, ಕಯಮೆ ನಮ್ಮ ಮನೆಗೆ ಮರಳಿ ಬಂದಿದೆ. ಅಜ್ಜ ಬಹಳ ಹಿಂದೆ ಅತ್ತೆಯ ಗಂಡನ ಮನೆಗೆ ಬೀಜ ಕೊಟ್ಟಿದ್ದರಂತೆ. ಅವರು ದೇವರ ಹೊಸ ಅಕ್ಕಿಗೆಂದು ಒಂದು ಸಣ್ಣ ಗದ್ದೆಯಲ್ಲಿ ಅದನ್ನು ಬಿಡದೆ ಬೆಳೆಸಿದ್ದರು. ಈ ಸಲ ಅತ್ತೆ ಎರಡು ಸೇರು ಕಟ್ಟಿ ಕೊಟ್ಟರು. ಅಪ್ಪ ಅದನ್ನು ತೋಟಕ್ಕೆ ಹತ್ತಿರದ ಮೂಲೆ ಗದ್ದೆಯಲ್ಲಿ ಬಿತ್ತಿದರು. ಅಕ್ಟೋಬರ್ ಮಳೆಗೆ ಅದು ಎಂದಿನಂತೆ ಮಲಗಿತು. ರಜೆಯಲ್ಲಿ ಮನೆಗೆ ಬಂದವನು ಅಮ್ಮನ ಜೊತೆ ಕತ್ತಿ ಹಿಡಿದು ಕೊಯ್ದೆ. ಬೆನ್ನು ಎರಡು ದಿನ ನೋಯಿತು. ಬೀಜ ಈಗ ಒಣಗಿ ಅಟ್ಟದಲ್ಲಿದೆ. ಮುಂದಿನ ಏಣೇಲಿಗೆ ಮತ್ತೆ ಬಿತ್ತಬೇಕು, ಅದರ ಮುಂದಿನ ವರ್ಷವೂ. ಹದಿಮೂರು ವರ್ಷದ ದಾರಿಯಲ್ಲಿ ಯಾರಿಗಾದರೂ ಈ ಬೀಜ ಬೇಕಾಗಬಹುದು. ಅಲ್ಲಿಯವರೆಗೆ ಅದು ಬದುಕಿರಬೇಕು.